ಹಪ್ಪಳದ ಕಾವಲು

1978 ಮೇ 14, ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಉಡುಪಿಯ ನಮ್ಮ ಮನೆಯ ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆ ಓಡಿಸುವ ಕೋಲು ಹಿಡಿದು ನೀರಿನ ಟಾಂಕಿಯ ಪಕ್ಕ ಕೂತೆ. ಯಾರಿಗೂ ಬೇಡದ ಆ ಕೆಲಸವನ್ನು ನಾನೇ ಕೇಳಿ ಪಡೆದದ್ದು.

ಅಕ್ಕನ ಮದುವೆ ಹತ್ತಿರ ಬಂದಿತ್ತು. ನಮ್ಮಲ್ಲಿ ಅಂಚೆಯಲ್ಲಿ ಕಾಗದ ಕಳಿಸಿದರೆ ಸಾಲದು, ಮನೆ ಮನೆಗೆ ಹೋಗಿ ಕರೆಯಬೇಕು. ಮಣಿಪಾಲದ ಕಾಲೇಜಿಗೆ ರಜೆ ಇದ್ದುದರಿಂದ ದೊಡ್ಡಮ್ಮನ ಜೊತೆ ನಾನು ಹೊರಟೆ. ಕಾಪು, ಹಿರಿಯಡ್ಕ, ಕಾರ್ಕಳ ಸೇರಿ ಮೂರು ದಿನಕ್ಕೆ ನಲವತ್ತೊಂದು ಮನೆ. ಎಲ್ಲ ಕಡೆಯೂ ಬೆಲ್ಲ, ನೀರು, ಮತ್ತು "ಮುಂದಿನದು ನಿನ್ನದೇ ಅಲ್ವಾ?" ಎಂಬ ಪ್ರಶ್ನೆ. ಅದಕ್ಕೆ ನಗಬೇಕು. ಎಲ್ಲರೂ ಒಳ್ಳೆಯವರೇ. ಆದರೂ ಕೊನೆಕೊನೆಗೆ ನನ್ನ ಕೆನ್ನೆ ನೋಯುತ್ತಿತ್ತು, ಪರಿಚಿತರ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಆ ಭಾನುವಾರ ಸಂಜೆಯೇ ಭಾವನಾಗುವವರ ಮನೆಯವರು ಬರುವವರಿದ್ದರು. ಅಷ್ಟರೊಳಗೆ ಒಂದು ಗಂಟೆ ಒಬ್ಬಳೇ ಇರಲು ಸಿಗದಿದ್ದರೆ ಅವರೆದುರು ಅತ್ತೇಬಿಡುತ್ತೇನೆ ಅನ್ನಿಸಿತ್ತು.

"ಪಾಪ, ಒಬ್ಬಳೇ ಇದ್ದಾಳೆ" ಎಂದು ಚಿಕ್ಕಮ್ಮ ಮಕ್ಕಳಿಬ್ಬರನ್ನು ಜೊತೆಗೆ ಕಳಿಸಿದರು. ಅರೆ ಒಣಗಿದ ಹಪ್ಪಳ ಕೈಗಿತ್ತು ಅವರನ್ನು ಕೆಳಗೆ ಅಟ್ಟಿದೆ. ಆಮೇಲೆ ಚಿಕ್ಕಮ್ಮನೇ ಬಂದರು.

"ಎಂತ ಆಯ್ತು ನಿನಗೆ?"

"ಎಂತದೂ ಇಲ್ಲ ಚಿಕ್ಕಮ್ಮ. ಸುಮ್ಮನೆ ಕೂತದ್ದು."

"ಸುಮ್ಮನೆ ಯಾರಾದರೂ ಕೂತುಕೊಳ್ತಾರಾ ಮಾರಾಯ್ತಿ! ಇಷ್ಟು ಮನೆ ಸುತ್ತಿದ್ದಲ್ಲ, ದೃಷ್ಟಿಯೇ ಆದದ್ದು."

ಉಪ್ಪು, ಮೆಣಸು, ಕೆಂಡ ಬಂದವು. ನೋಡಲು ಮನೆಯ ಹನ್ನೊಂದು ಮಂದಿ ತಾರಸಿ ಹತ್ತಿದರು. ನನಗೆ ನಿವಾಳಿಸಿದ ಮೆಣಸನ್ನು ಕೆಂಡಕ್ಕೆ ಹಾಕಿದಾಗ ಯಾರೂ ಕೆಮ್ಮಲಿಲ್ಲ.

"ನೋಡಿದಿರಾ, ಘಾಟೇ ಇಲ್ಲ! ದೃಷ್ಟಿ ಉಂಟು!" ಎಂದು ಚಿಕ್ಕಮ್ಮ ಗೆದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಕೊಡೆ ಹಿಡಿದು ಬಂದರು. "ಹಪ್ಪಳ ಮೆಟ್ಟಬೇಡಿ, ಎಲ್ಲ ಇಳಿಯಿರಿ!" ಎಂದು ಗದರಿ ತಾರಸಿ ಖಾಲಿ ಮಾಡಿಸಿದರು. ಇನ್ನು ಇವರ ಮಾತು ಶುರು ಎಂದು ನಾನು ಮುಖಕ್ಕೆ ನಗು ತಂದುಕೊಂಡೆ. ಅವರು ನನ್ನ ಕೋಲನ್ನೇ ಕಿತ್ತುಕೊಂಡರು.

"ನೀನೂ ಇಳಿ. ಮೂರು ದಿನ ಮಾತಾಡಿ ಸತ್ತದ್ದು ನಾನು. ನೀನು ನಕ್ಕದ್ದು ಮಾತ್ರ."

"ಮೊದಲು ಬಂದದ್ದು ನಾನು ದೊಡ್ಡಮ್ಮ!"

ಅವರು ಕೋಲನ್ನು ಟಾಂಕಿಯತ್ತ ಚಾಚಿದರು. "ಹಾಗಾದರೆ ಟಾಂಕಿಯ ಆಚೆ ಕೂತುಕೋ. ಬಾಯಿ ಬಿಟ್ಟರೆ ಕೋಲು ಉಂಟು."

ಟಾಂಕಿಯ ಎರಡು ಬದಿಯಲ್ಲಿ ಇಬ್ಬರೂ ನಾಲ್ಕರ ತನಕ ಒಂದು ಮಾತೂ ಆಡದೆ ಕೂತೆವು. ಕಾಗೆಗಳು ಒಂಬತ್ತು ಹಪ್ಪಳ ಒಯ್ದವು. ಸಂಜೆ ಭಾವನ ಮನೆಯವರೆದುರು ನಾವಿಬ್ಬರೂ ಮನಸಾರೆ ನಕ್ಕೆವು.

ತುಂಬಿದ ಮನೆಯಲ್ಲಿ ಒಬ್ಬರೇ ಇರಲು ನಿಮ್ಮಲ್ಲಿ ಯಾವ ಕೆಲಸದ ನೆಪ ಹೂಡುತ್ತಿದ್ದರು? ತಿಳಿದವರು ಬರೆದು ಕಳಿಸಿ, ಅಂಥ ನೆಪಗಳ ನನ್ನ ಪಟ್ಟಿಯಲ್ಲಿ ಇನ್ನೂ ಜಾಗ ಉಂಟು.