ಹೆರಿಗೆಯಿಲ್ಲದ ಬಾಣಂತನ

ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದರೆ ನನಗೆ ನನ್ನ ಅಜ್ಜಿ ನೆನಪಾಗುತ್ತಾಳೆ. ಈಗಲೂ ಬಾಣಲೆಯ ಮುಂದೆ ಸೌಟು ಹಿಡಿದು ನಿಂತಿದ್ದೇನೆ. ಒಳಕೋಣೆಯಲ್ಲಿ ಮಗಳು ಇಪ್ಪತ್ತು ದಿನದ ಹೆಣ್ಣುಕೂಸನ್ನು ಮಲಗಿಸುತ್ತಿದ್ದಾಳೆ. ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಅವಳು, “ಅವ್ವಾ, ನಮಗ ಇದೊಂದ ಸಾಕು ಅಂತ ಮಾಡೇವಿ. ನೀ ಏನಂತಿ?” ಎಂದಳು. ನಾನು ಬಾಣಂತಿಗೆ ಅಂಟಿನುಂಡಿ ಕಟ್ಟಬೇಕು ಎಂದು ಅಡುಗೆಮನೆಗೆ ಓಡಿಬಂದೆ. ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ, ‘ಇನ್ನೊಂದು ಗಂಡಾಗ್ಲಿ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾಲಿಗೆ ಇದು!

ಅಜ್ಜಿ ಎಂದರೆ ಅಪ್ಪನ ತಾಯಿ, ಬೆಟಗೇರಿಯ ನೇಕಾರರ ಮನೆಯವಳು. ಹಡೆದದ್ದು ಹನ್ನೊಂದು, ಉಳಿದದ್ದು ಏಳು. ಅಪ್ಪನಿಗಿಂತ ಮೊದಲಿನ ಕೂಸು ಹೋಯಿತೆಂದು ಅಪ್ಪನನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಹೆಸರಿಟ್ಟಿದ್ದಳು, ಸಾವಿಗೂ ಇವನು ಬೇಡವಾಗಲಿ ಎಂದು. ಮನೆಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ. ಕಂಡಿಕೆಗೆ ನೂಲು ಸುತ್ತಲು ಸಣ್ಣ ಕೈಗಳು ಎಷ್ಟಿದ್ದರೂ ಸಾಲವು; ಹಾಲುಹಲ್ಲು ಬೀಳುವ ಮೊದಲೇ ಮಕ್ಕಳು ರಾಟೆಯ ಮುಂದೆ ಕೂಡುತ್ತಿದ್ದರು. ನನ್ನ ಕಾಲಕ್ಕೆ ಮಗ್ಗಗಳು ನಿಂತು, ಕುಣಿಗೆ ಮಣ್ಣು ತುಂಬಿ, ಅಪ್ಪ ಪವರ್‌ಲೂಮಿನ ಕೆಲಸಕ್ಕೆ ಹೋಗುತ್ತಿದ್ದ. ಮುಚ್ಚಿದ ಆ ಕುಣಿಯ ಮೇಲೆ ಅಕ್ಕ ಮತ್ತು ನಾನು ಕುಂಟೆಬಿಲ್ಲೆ ಆಡುತ್ತಿದ್ದೆವು.

ನನ್ನ ನಂತರ ಅವ್ವನಿಗೆ ಎರಡು ಬಸಿರು ನಿಲ್ಲಲಿಲ್ಲ. ಕೊಡ ಎತ್ತಿದರೆ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ನನಗೆ ಏಳು ವರ್ಷವಿದ್ದಾಗ ಲಕ್ಷ್ಮೇಶ್ವರದಿಂದ ಸೋದರತ್ತೆ ಬಂದಳು. “ಇನ್ನೊಂದ್ ಸಲ ನೋಡ್ರಿ ವೈನಿ. ಗಂಡಿಲ್ಲದ ಮನಿ ಒಂದು ಮನೀನ?” ಎಂದಳು. ಅವ್ವ ತಲೆ ಎತ್ತಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು. ಅಜ್ಜಿಯೇ ಬಾಯಿ ತೆರೆದಳು.

“ಹನ್ನೊಂದು ಹಡದಾಕಿ ನಾ ಅದೀನಿ, ನನ್ನ ಕೇಳ. ಎಲ್ಲಾ ಉಳೀತಾವ ಅಂತ ಖಾತ್ರಿ ಇದ್ರ ಅಷ್ಟ ಯಾಕ ಹಡೀತಿದ್ದೆ? ಈಗ ಸೂಜಿ ಹಾಕ್ತಾರ, ಕೂಸು ಉಳೀತಾವ. ಕಂಡಕಿ ಸುತ್ತಾಕ ಮಗ್ಗರ ಎಲ್ಲಿ ಅದಾವ? ಈ ಎರಡು ಹುಡುಗ್ಯಾರು ಸಾಲಿ ಕಲೀಲಿ. ಇಕಿ ಜೀವ ಉಳೀಲಿ.”

ಅತ್ತೆ ಸಿಟ್ಟಾಗಿ ಊಟ ಬಿಟ್ಟಳು. ಬಸ್ಸಿಗೆ ಹೊರಡುವಾಗ ನಾಲ್ಕು ರೊಟ್ಟಿ ಕಟ್ಟಿಸಿಕೊಂಡಳು, ಅದು ಬೇರೆ ಮಾತು.

ಮುಂದಿನ ವಾರ ಅಜ್ಜಿಯೇ ಸೊಸೆಯನ್ನು ದವಾಖಾನೆಗೆ ಕರೆದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿ ಕರೆತಂದಳು. ಬಂದವಳೇ ಒಲೆ ಹೊತ್ತಿಸಿ ಅಂಟಿನುಂಡಿ ಕಟ್ಟತೊಡಗಿದಳು. ಎದುರುಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕಳು: “ಹಡದಾಕಿಗೆ ಅಂಟಿನುಂಡಿ ಕೇಳೇನಿ. ಇದ್ಯಾವ ಬಾಣಂತನಬೇ ಯವ್ವಾ?”

“ಬಂದ್ ಮಾಡಿಸ್ಕೊಂಡಾಕಿಗೂ ಸೊಂಟ ಇರತೈತಿ. ನೀನೂ ಒಂದ್ ತಿನ್ನ ಬಾ,” ಎಂದಳು ಅಜ್ಜಿ.

ಒಂದು ತಿಂಗಳು ಅವ್ವನ ಕೈಗೆ ಅವಳು ಕೊಡ ಕೊಡಲಿಲ್ಲ. ನೀರೆಲ್ಲ ತಾನೇ ಹೊತ್ತಳು. ದಿನಕ್ಕೊಂದು ಉಂಡಿ ಕದ್ದವಳು ನಾನು. ಅಜ್ಜಿಗೆ ಗೊತ್ತಿತ್ತು, ಬೈಯಲಿಲ್ಲ. ಅಕ್ಕ ನರ್ಸ್ ಆದಳು, ನಾನು ಟೀಚರ್ ಆದೆ, ಅವ್ವ ನನ್ನ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕುವವರೆಗೂ ಇದ್ದಳು. ಇದೆಲ್ಲ ಅಜ್ಜಿಯ ಪುಣ್ಯ ಎಂದು ಅವಳೆದುರು ಒಮ್ಮೆಯೂ ಹೇಳಲಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳಿರಲಿಲ್ಲ.

ಉಂಡಿಯ ತಟ್ಟೆ ಹಿಡಿದು ಒಳಗೆ ಹೋದೆ. ಮಗಳು ತಲೆ ಎತ್ತಲಿಲ್ಲ, ಕೂಸಿನ ಕುಲಾವಿ ಸರಿಮಾಡುತ್ತಲೇ, “ಸಿಟ್ಟಾದಿ ಏನ ಅವ್ವಾ?” ಎಂದಳು. ರೊಟ್ಟಿ ಬಡಿಯುತ್ತಿದ್ದ ಅವ್ವನ ಬಗ್ಗಿದ ತಲೆ ಕಣ್ಣಮುಂದೆ ಬಂತು. ಅಯ್ಯೋ, ಲಕ್ಷ್ಮೇಶ್ವರದ ಅತ್ತೆ ನಾನೇ ಆಗಿಬಿಟ್ಟಿದ್ದೆನಲ್ಲ!

“ಸಿಟ್ಟ್ಯಾಕವಾ? ಒಂದ ಸಾಕು ಅಂದ್ರ ಒಂದ ಸಾಕು. ಯಾರರ ಕೇಳಿದ್ರ ನಮ್ಮವ್ವನ್ನ ಕೇಳ್ರಿ ಅನ್ನು.”

ಅವಳು ಉಂಡಿ ಮುರಿದು ಅರ್ಧ ನನ್ನ ಬಾಯಿಗಿಟ್ಟಳು. ನಾಲಿಗೆಯ ತುದಿಯಲ್ಲಿದ್ದ ಆ ಮಾತನ್ನೂ ಅದರ ಜೊತೆಗೇ ನುಂಗಿಬಿಟ್ಟೆ.