ಬರಿಗೈಲಿ ಬಂದ ಇನಾಸ್ ಚಿಕ್ಕಪ್ಪ

ಇನಾಸ್ ಚಿಕ್ಕಪ್ಪ ಎಂಥ ಗಂಟನ್ನೂ ಕತ್ತರಿಸುತ್ತಿರಲಿಲ್ಲ. ಬೇಕರಿ ಪೊಟ್ಟಣದ ದಾರವಿರಲಿ, ಗೋಣಿಚೀಲದ ಹುರಿಯಿರಲಿ, ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಸಡಿಲಿಸುತ್ತ ಕೂರುತ್ತಿದ್ದ. ಯಾರಾದರೂ ಕತ್ತರಿ ತಂದರೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ.

ಕಾರಣ ಕಡಲಂಚಿನ ಬಿಣಗಾ ಊರಿನ ನಮ್ಮ ಕೇರಿಗೆಲ್ಲ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ, ಎರಡು ಸಾವಿರದ ಇಸವಿಯ ಆಸುಪಾಸು, ಬೇಲೆಕೇರಿ ಕಡೆಯಿಂದ ಮರಳುವಾಗ ಅಪ್ಪನ ದೋಣಿಯ ಇಂಜಿನ್ ಕೆಟ್ಟಿತು. ಚಿಕ್ಕಪ್ಪ ಅದನ್ನು ತನ್ನ ದೋಣಿಗೆ ಹಗ್ಗದಿಂದ ಕಟ್ಟಿ ಎಳೆದು ತರುತ್ತಿದ್ದ. ಗಾಳಿ ಎದ್ದಿತು. ನೀರು ತುಂಬಿದ ಅಪ್ಪನ ದೋಣಿ ಇವನದನ್ನೂ ಹಿಂದಕ್ಕೆ ಜಗ್ಗತೊಡಗಿತು. ಅಪ್ಪ ಕೈಯೆತ್ತಿ ಏನೋ ಕೂಗಿದ. ಗಾಳಿಗೆ ಏನೂ ಕೇಳಿಸಲಿಲ್ಲ. ಚಿಕ್ಕಪ್ಪ ಹಗ್ಗ ಕಡಿದ. ಅಪ್ಪನ ದೇಹ ಸಿಗಲೇ ಇಲ್ಲ.

“ಕಡಿ ಅಂತ್ಲೇ ಕೂಗಿರ್ಬೇಕು ಮಾರಾಯಾ,” ಎಂದು ಕೇರಿಯವರು ಸಮಾಧಾನ ಹೇಳುತ್ತಿದ್ದರು.

“ಬಿಡಬೇಡ ಅಂದಿದ್ರೆ?” ಎನ್ನುತ್ತಿದ್ದ ಚಿಕ್ಕಪ್ಪ.

ಸಮುದ್ರ ಬಿಟ್ಟು ಅಂಕೋಲೆಯ ಐಸ್ ಫ್ಯಾಕ್ಟರಿ ಸೇರಿದ. ಪ್ರತಿ ಭಾನುವಾರ ಬಸ್ಸಿಳಿದು ಬಂದು, ನಮ್ಮ ಮೆಟ್ಟಿಲ ಮೇಲೆ ಮೀನಿನ ಚೀಲ ಇಟ್ಟು, ಒಳಗೆ ಬಾರದೆ ಹೋಗುತ್ತಿದ್ದ. ಇಗರ್ಜಿಯಲ್ಲೂ ಚಪ್ಪಲಿ ಬಿಡುವ ಜಾಗವೇ ಅವನದು. ಪಾದ್ರಿಯ ಬಳಿ ಪಾಪನಿವೇದನೆ ಎಂದೋ ಆಗಿತ್ತು. ಕಾಲು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಉಳಿದವರು ಪರಮಪ್ರಸಾದ ಪಡೆಯಲು ಪೀಠದತ್ತ ಸಾಗುವಾಗ ಅವನು ರಸ್ತೆ ಕಡೆ ಮುಖ ತಿರುಗಿಸುತ್ತಿದ್ದ.

ಒಂದು ಭಾನುವಾರ ಅಮ್ಮ ಬಾಗಿಲಲ್ಲೇ ಕಾದು ನಿಂತಳು.

“ಮೀನು ತಕ್ಕಂಡು ಹೋಗು ಇನಾಸ್. ಇನ್ಮೇಲೆ ತರೂದು ಬೇಡ.”

ಅವನು ಚೀಲ ಎತ್ತದೆ ಅತ್ತಿಗೆಯತ್ತ ನೋಡಿದ. “ವೈನಿ, ನನ್ನ ಕೈಲಿ ಮತ್ತೆಂತ ಮಾಡೂಕೆ ಆಗ್ತದೆ?”

“ಎಂತ ಮಾಡೂದೂ ಬೇಡ. ಅವ್ರು ಎಂತ ಕೂಗಿದ್ರೋ ನಂಗೊತ್ತಿಲ್ಲ. ಹಗ್ಗ ಕಡ್ದವ ನೀನೇ, ಇಲ್ಲ ಅಂತ ನಾ ಹೇಳೂದಿಲ್ಲ. ಆದ್ರೂ ಬಾ. ಬರಿಗೈಲಿ ಬಾ, ಉಣ್ಣು. ದೇವ್ರು ನಂಗೆ ಕೊಟ್ಟದ್ದೆಲ್ಲ ನನ್ನ ಯೋಗ್ಯತೆ ನೋಡಿ ಕೊಟ್ಟದ್ದಾ?”

ಹೇಳುವಾಗ ಅಮ್ಮನ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಮುಂದಿನ ವಾರ ಬಂದ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಅಂಚು ಹಿಡಿದುಕೊಂಡಿದ್ದ. ಮೊದಲ ತುತ್ತಿಗೇ ತಟ್ಟೆಯ ಮೇಲೆ ಬಾಗಿ ಅತ್ತ. ಅಮ್ಮ ಅವನನ್ನು ಸುಮ್ಮನಿರಿಸಲಿಲ್ಲ, ಮತ್ತಷ್ಟು ಅನ್ನ ಬಡಿಸಿದಳು. ಕೆಲವು ತಿಂಗಳ ಮೇಲೆ ಇಗರ್ಜಿಯಲ್ಲಿ ಪೂಜೆಯ ನಡುವೆಯೇ ಹೊರಗೆ ಹೋಗಿ, ಅವನ ಮಣಿಕಟ್ಟು ಹಿಡಿದು ಪೀಠದವರೆಗೆ ನಡೆಸಿಕೊಂಡು ಬಂದಳು.

ಆಮೇಲೆ ಅವನು ಹಗುರಾದ ಎಂದುಕೊಂಡಿದ್ದೆ. ಆದರೆ ಗಾಳಿ ಬೀಸುವ ದಿನ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದ. ಒಮ್ಮೆ ನನಗೆ ಹೇಳಿದ: “ಕ್ಷಮೆ ಸಿಕ್ತು ತಂಗೀ. ಅಣ್ಣನ ದನಿ ಮಾತ್ರ ಹೋಗ್ಲಿಲ್ಲ.”

ಕೊನೆಯ ಸಲ ಕಂಡದ್ದು ಒಂದು ಮಳೆಗಾಲದ ಭಾನುವಾರ. “ಇನ್ನೊಂಚೂರು ಸಾರು ಹಾಕು ವೈನಿ,” ಎಂದ. ನಮ್ಮ ಮನೆಯಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದೇ ವಾರ ಅಂಕೋಲೆಯ ಕೋಣೆಯಲ್ಲಿ, ನಿದ್ದೆಯಲ್ಲೇ ಹೋದ.

ಗೋರಿಯ ಶಿಲುಬೆಯ ಮೇಲೆ ಅವನ ಹೆಸರಿನ ಕೆಳಗೆ ಅಪ್ಪನ ಹೆಸರನ್ನೂ ಬರೆಸಬೇಕೆಂದಳು ಅಮ್ಮ. “ಕಡ್ದವನ ಶಿಲುಬೆ ಮೇಲಾ?” ಎಂದರು ಯಾರೋ.

“ಅವ್ರಿಗೆ ಗೋರಿ ಇಲ್ಲ. ತಮ್ಮನ ಹತ್ರ ಇರ್ಲಿ.”

ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನ ಅಲ್ಲಿ ಎರಡು ಮೇಣದಬತ್ತಿ ಹಚ್ಚುತ್ತೇವೆ. ಗಾಳಿ ಜೋರಿರುತ್ತದೆ. ಅಮ್ಮ ಅಪ್ಪನದಕ್ಕೆ ಕೈ ಅಡ್ಡ ಹಿಡಿಯುತ್ತಾಳೆ. ಚಿಕ್ಕಪ್ಪನದು ನನ್ನ ಪಾಲಿಗೆ.