ಕೊನೆಯ ಮೊಳೆ

ನೆಬ್ರಾಸ್ಕದ ನಮ್ಮ ಕೌಂಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುವ ಮುದುಕ ಆರ್ವಿಡ್ ಟ್ವೆಟ್, ಬಂದವರ ತಲೆ ಕೆಡಿಸಿಯೇ ಕಳಿಸುತ್ತಾನೆ. ಊರಿನ ಕೋರ್ಟು ಕಟ್ಟಡ ಸುಟ್ಟುಹೋದದ್ದು ಯಾವಾಗ ಎಂದು ಕೇಳಿದರೆ, "ಲೈಲ್ ಮಂಡಿ ಮುರ್ಕೊಂಡ ವರ್ಷ ಕಣಮ್ಮ" ಎನ್ನುತ್ತಾನೆ. ಲೈಲ್ ಮಂಡಿ ಮುರಿದುಕೊಂಡದ್ದು ಯಾವಾಗ? "ಅದೇ, ಕೋರ್ಟು ಸುಟ್ಟೋಯ್ತಲ್ಲ, ಆಗ!" ಹನ್ನೆರಡು ವರ್ಷದಿಂದ ಅಲ್ಲಿ ಕಸ ಗುಡಿಸುವ ನನಗೇ ಯಾವುದು ಮೊದಲೋ ತಿಳಿದಿಲ್ಲ. ಮೊದಲ ವಲಸಿಗರ ನೇಗಿಲಿನ ಮೇಲ್ಗಡೆಯ ಗೋಡೆಯಲ್ಲಿ, ಮೊಳೆಗೊಂದರಂತೆ, ಕಾಲೇಜು ಫುಟ್‌ಬಾಲ್ ಆಡಿದ ನಮ್ಮ ಹುಡುಗರ ಜೆರ್ಸಿಗಳು ತೂಗುತ್ತವೆ. ಅಜ್ಜಿಯ ಸಮಾಧಿ ಇಲ್ಲಿದ್ದರೂ ಸಾಕು, ಆಟಗಾರ ನಮ್ಮವನೇ. ಆದರೆ ಒಂದು ನಿಮಿಷವಾದರೂ ಮೈದಾನಕ್ಕೆ ಇಳಿದಿರಬೇಕು. ಆ ನಿಯಮ ಆರ್ವಿಡ್‌ನದೇ. ಸಾಲಿನ ಕೊನೆಯಲ್ಲಿ ಬರೀ ಮೊಳೆಯೊಂದಿದೆ. "ಇದ್ಯಾಕೆ ಖಾಲಿ, ಯಜಮಾನ್ರೇ?" ಎಂದು ಯಾರಾದರೂ ಕೇಳಿದರೆ, "ಯಾರು ಹೊಡೆದ್ರೋ, ಏನ್ ಕಥೆಯೋ" ಎಂದು ಕಿಟಕಿಯತ್ತ ತಿರುಗುತ್ತಾನೆ. ಅವನ ಮಗ ನೀಲ್ಸ್ ಕಾಲೇಜಿನ ನಾಲ್ಕು ವರ್ಷವೂ ಜೆರ್ಸಿ ತೊಟ್ಟು, ಒಮ್ಮೆಯೂ ಆಟಕ್ಕಿಳಿಯದೆ ಬೆಂಚಿನ ಮೇಲೆಯೇ ಕೂತಿದ್ದು ಊರಿಗೆಲ್ಲ ಗೊತ್ತು. ವರ್ಷಕ್ಕೊಮ್ಮೆ ಆರ್ವಿಡ್ ಜೆರ್ಸಿಗಳನ್ನು ಒಗೆಯಲು ನನಗೆ ಕೊಡುತ್ತಾನೆ. ಗೋಡೆಯ ಮೇಲಿರುವುದು ಹತ್ತೊಂಬತ್ತು, ಎಷ್ಟು ಒಗೆದರೂ ಮೈದಾನದ ಹುಲ್ಲಿನ ಕಲೆ ಹೋಗದವು. ನನ್ನ ಬುಟ್ಟಿಗೆ ಬೀಳುವುದು ಇಪ್ಪತ್ತು, ಅದರಲ್ಲೊಂದಕ್ಕೆ ಹುಲ್ಲಿನ ಕಲೆಯೇ ಇಲ್ಲ.